ನಾಬ್‌ಗಳು ನಿಂತ ಜಾಗ: ಹಳೆಯ ಸಿಂಥಸೈಜರ್‌ನ ಮೆಮರಿ ರಿಪೇರಿ

(ಮಹಿಳಾ ವೇದಿಕೆಯ ಆನ್‌ಲೈನ್ ಕೂಟದಲ್ಲಿ ಆಡಿದ ಮಾತಿನ ಬರಹರೂಪ)

ತಿರುವನಂತಪುರ, ಕೊಚ್ಚಿ ಮತ್ತು ಇನ್ನೂ ದೂರದ ಊರುಗಳಿಂದ ಸೇರಿಕೊಂಡಿರುವ ಅಕ್ಕಂದಿರೇ, ತಂಗಿಯರೇ, ನಮ್ಮ ವೇದಿಕೆಯಲ್ಲಿ ಆರೋಗ್ಯ, ಹೂಡಿಕೆ, ಅಡುಗೆ, ಮಕ್ಕಳ ಕನ್ನಡ ಕಲಿಕೆ ಎಲ್ಲದರ ಬಗ್ಗೆಯೂ ಮಾತಾಗಿದೆ. ಸೋಲ್ಡರಿಂಗ್ ಐರನ್ ಬಗ್ಗೆ ಮಾತ್ರ ಯಾರೂ ಮಾತಾಡಿಲ್ಲ. ಆ ಕೊರತೆಯನ್ನು ಇವತ್ತು ನಾನು ತುಂಬುತ್ತೇನೆ.

ನಾನು ಟೆಕ್ನೋಪಾರ್ಕ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವವಳು. ಎಂ.ಟೆಕ್.ನಲ್ಲಿ ಎಂಬೆಡೆಡ್ ಸಿಸ್ಟಮ್ಸ್ ಓದಿದ್ದೆ. ಕೆಲಸಕ್ಕೆ ಸೇರಿದ ಮೇಲೆ ಸರ್ಕ್ಯೂಟ್ ಬೋರ್ಡ್ ಮುಟ್ಟುವ ಅವಕಾಶ ತಪ್ಪಿಹೋಯಿತು, ಅದನ್ನು ಹವ್ಯಾಸವಾಗಿ ಉಳಿಸಿಕೊಂಡೆ. ಹಳೆಯ ಎಲೆಕ್ಟ್ರಾನಿಕ್ ವಾದ್ಯಗಳನ್ನು ಬಿಚ್ಚಿ, ಸರಿಮಾಡಿ, ಮತ್ತೆ ಮುಚ್ಚುವುದು ನನ್ನ ಭಾನುವಾರದ ಕೆಲಸ. ಇವತ್ತು ಹೇಳುವುದು ತುಂಬದ ಒಂದು ಮನೆಯಲ್ಲಿದ್ದ ಸಿಂಥಸೈಜರ್ ಬಗ್ಗೆ. ಅದಕ್ಕೆ ಬಂದಿದ್ದ ಕಾಯಿಲೆ ಮರೆವು.

ಸಿಂಥಸೈಜರ್ ಅಂದರೇನು ಅಂತ ಮೊದಲು ಹೇಳಬೇಕು. ನಿಮ್ಮಲ್ಲಿ ಸಂಗೀತ ಹಾಡುವ ಹಲವರ ಮನೆಯಲ್ಲಿ ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ ಇದೆ. ಬೆಂಗಳೂರಿನ ಜಿ. ರಾಜ್ ನಾರಾಯಣ್ ಎಂಬ ಎಂಜಿನಿಯರ್, ಸ್ವತಃ ಕೊಳಲು ವಾದಕರು, 1979ರ ಸುಮಾರಿಗೆ ಮಾಡಿದ ಪೆಟ್ಟಿಗೆಯ ವಂಶದ್ದು ಅದು. ಅದರೊಳಗೆ ಗಾಳಿಯೂ ಇಲ್ಲ, ತಂತಿಯೂ ಇಲ್ಲ. ವಿದ್ಯುತ್ತು ಸೆಕೆಂಡಿಗೆ ಇಷ್ಟು ಸಲ ಏರಿಳಿದರೆ ಷಡ್ಜ, ಇಷ್ಟು ಸಲ ಏರಿಳಿದರೆ ಪಂಚಮ. ಅನಲಾಗ್ ಸಿಂಥಸೈಜರ್ ಅದರ ದೊಡ್ಡಕ್ಕ. ಏರಿಳಿತ ಹುಟ್ಟಿಸುವ ಆಸಿಲೇಟರ್, ಅದರ ಚೂಪನ್ನು ಸವರುವ ಫಿಲ್ಟರ್, ಸ್ವರ ಮೆಲ್ಲಗೆ ಏಳಬೇಕೋ ಥಟ್ಟನೆ ಏಳಬೇಕೋ ಎಂದು ಹೇಳುವ ಎನ್ವೆಲಪ್, ಹೀಗೆ ಒಂದೊಂದಕ್ಕೂ ಮೂರು ನಾಲ್ಕು ನಾಬ್. ಎಲ್ಲ ನಾಬ್‌ಗಳೂ ಒಂದು ನಿರ್ದಿಷ್ಟ ಜಾಗದಲ್ಲಿ ನಿಂತಾಗ ಬರುವ ನಾದಕ್ಕೆ ಪ್ಯಾಚ್ ಎನ್ನುತ್ತಾರೆ. ಒಂದನ್ನು ಚೂರು ತಿರುಗಿಸಿದರೂ ಅದು ಬೇರೆ ನಾದ.

1970ರಲ್ಲಿ ಬಂದ ಪ್ರಸಿದ್ಧ ಮಿನಿಮೋಗ್‌ಗೆ ಮೆಮರಿ ಇರಲಿಲ್ಲ. ಕಛೇರಿಯ ಮಧ್ಯೆ ನಾದ ಬದಲಿಸಬೇಕೆಂದರೆ ಅಷ್ಟೂ ನಾಬ್ ಕೈಯಲ್ಲಿ ತಿರುಗಿಸಬೇಕು. ವಾದಕರು ನಾಬ್‌ಗಳ ಚಿತ್ರ ಅಚ್ಚಾದ ಹಾಳೆಗಳ ಮೇಲೆ ಪೆನ್ಸಿಲ್ ಗುರುತು ಹಾಕಿಟ್ಟುಕೊಳ್ಳುತ್ತಿದ್ದರು. ಅಂದ ಹಾಗೆ ಅದು ಮೂಗ್ ಅಲ್ಲ, ಮೋಗ್. ನಮ್ಮ ಕನ್ನಡದ ಮೂಗಿಗೂ ಅದಕ್ಕೂ ಸಂಬಂಧವಿಲ್ಲ.

ಮೋಗ್‌ಗೂ ತುಂಬಕ್ಕೂ ಒಂದು ನಂಟು ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಭೂಕಾಂತೀಯ ಸಮಭಾಜಕದ ಸಮೀಪದ ಈ ಮೀನುಗಾರರ ಹಳ್ಳಿಯನ್ನು ರಾಕೆಟ್ ಉಡಾವಣೆಗೆ ಆರಿಸಿದವರು ವಿಕ್ರಮ್ ಸಾರಾಭಾಯ್. 1963ರ ನವೆಂಬರ್ 21ರಂದು ಇಲ್ಲಿಂದ ಮೊದಲ ರಾಕೆಟ್ ಹಾರಿತು. ನಾವೆಲ್ಲ ಊರಿಂದ ಬಂದ ನೆಂಟರನ್ನು ಕರೆದುಕೊಂಡು ಹೋಗುವ ಮೇರಿ ಮ್ಯಾಗ್ಡಲೀನ್ ಚರ್ಚಿನ ಮ್ಯೂಸಿಯಂನಲ್ಲಿ ಆ ಕತೆ ಇದೆ. ಮ್ಯೂಸಿಯಂ ಹೇಳದ ಕತೆ ಅವರ ಅಕ್ಕತಂಗಿಯರದು. ಗೀತಾ ಸಾರಾಭಾಯ್ ಸಂಗೀತಗಾರ್ತಿ. 1946ರಲ್ಲಿ ನ್ಯೂಯಾರ್ಕಿಗೆ ಹೋಗಿ ಜಾನ್ ಕೇಜ್ ಎಂಬ ಅಮೆರಿಕದ ಸಂಗೀತಕಾರನಿಗೆ ಭಾರತೀಯ ಸಂಗೀತ ಹೇಳಿಕೊಟ್ಟವರು. ಇನ್ನೊಬ್ಬರಾದ ಗೀರಾ, ಅಣ್ಣ ಗೌತಮ್ ಜೊತೆ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯನ್ನು ಕಟ್ಟಿದವರು. 1969ರಲ್ಲಿ ಅಲ್ಲಿಗೆ ಡೇವಿಡ್ ಟ್ಯೂಡರ್ ಬಂದು ಒಂದು ಮೋಗ್ ಸಿಂಥಸೈಜರ್ ಇಟ್ಟು ಸ್ಟುಡಿಯೋ ಮಾಡಿಕೊಟ್ಟರು. ಅದರ ಮೇಲೆ ನುಡಿಸಿದ ಕೆಲವೇ ಭಾರತೀಯರಲ್ಲಿ ಗೀತಾ ಒಬ್ಬರು. ಆ ಮೋಗ್‌ಗೂ ಮೆಮರಿ ಇರಲಿಲ್ಲ. ವೈರು ಕಿತ್ತರೆ ನಾದ ಹೋಯಿತು. ಅವರು ಮಾಡಿದ ಕೆಲಸ ಇವತ್ತು ನಮಗೆ ಕೇಳಲು ಸಿಗುವುದು ಟೇಪಿನ ಸುರುಳಿಗಳಿಂದ. ಪಾಲ್ ಪರ್ಗಸ್ ಎಂಬ ಬ್ರಿಟಿಷ್ ಕಲಾವಿದ ಅವನ್ನು ಸಂಸ್ಥೆಯ ಸಂಗ್ರಹದಲ್ಲಿ ಹುಡುಕಿ ತೆಗೆದರು, 2023ರಲ್ಲಿ ಪ್ರಕಟವಾದವು. ಟೇಪಿನ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೆಮರಿ ಪೂರ್ತಿಯಾಗಿ ಬಂದದ್ದು 1978ರಲ್ಲಿ. ಕ್ಯಾಲಿಫೋರ್ನಿಯಾದ ಡೇವ್ ಸ್ಮಿತ್ ತಮ್ಮ ಪ್ರಾಫೆಟ್-5 ಎಂಬ ವಾದ್ಯದೊಳಗೆ ಮೈಕ್ರೋಪ್ರೊಸೆಸರ್ ಕೂರಿಸಿದರು. ಅದು 40 ಪ್ಯಾಚ್‌ಗಳನ್ನು ಇಟ್ಟುಕೊಳ್ಳುತ್ತಿತ್ತು. ನಾನು ಒತ್ತಿ ಹೇಳಬೇಕಾದ ಮಾತು ಇಲ್ಲಿದೆ. ಅದು ಇಟ್ಟುಕೊಂಡದ್ದು ನಾದವನ್ನಲ್ಲ. ನಾದದ ಒಂದು ಕ್ಷಣವೂ ಆ ಮೆಮರಿಯಲ್ಲಿ ಇರುವುದಿಲ್ಲ. ಇರುವುದು ಅಂಕಿಗಳು. ಪ್ರೊಸೆಸರ್ ಪ್ರತಿ ನಾಬಿನ ವೋಲ್ಟೇಜನ್ನು ಅಳೆದು ಅಂಕಿ ಮಾಡಿ ಬರೆದಿಡುತ್ತದೆ, ಮತ್ತೆ ಬಟನ್ ಒತ್ತಿದಾಗ ಅಂಕಿಗಳನ್ನು ವೋಲ್ಟೇಜ್ ಮಾಡಿ ಸರ್ಕ್ಯೂಟಿಗೆ ಕೊಡುತ್ತದೆ. ಅಜ್ಜಿ ಬರೆದಿಟ್ಟ ಸಾರಿನ ಪುಡಿಯ ಅಳತೆ ಇದ್ದ ಹಾಗೆ. ಚೀಟಿಯಲ್ಲಿ ಸಾರು ಇರುವುದಿಲ್ಲ.

ಆ ಚೀಟಿಯನ್ನು ಬರೆಯುವ ಚಿಪ್‌ಗೆ ರ‍್ಯಾಮ್ ಎನ್ನುತ್ತೇವೆ. ವಿದ್ಯುತ್ ಹೋದ ಕ್ಷಣ ಅದು ಎಲ್ಲವನ್ನೂ ಮರೆಯುತ್ತದೆ. ಅದಕ್ಕಿಂತ ಹಿಂದಿನ ಕಂಪ್ಯೂಟರುಗಳಲ್ಲಿ ಈ ತೊಂದರೆ ಇರಲಿಲ್ಲ. ಆಗಿನ ಮೆಮರಿ ಎಂದರೆ ತಂತಿಯಲ್ಲಿ ಪೋಣಿಸಿದ ಸಾಸಿವೆಯಂಥ ಫೆರೈಟ್ ಉಂಗುರಗಳು. ಅವು ಕಾಂತವಾದ್ದರಿಂದ ಕರೆಂಟ್ ಹೋದರೂ ಮರೆಯುತ್ತಿರಲಿಲ್ಲ. ಚಂದ್ರನ ಮೇಲೆ ಇಳಿದ ಅಪೋಲೋ ನೌಕೆಯ ಕಂಪ್ಯೂಟರಿನ ಪ್ರೋಗ್ರಾಂ ಅಂಥದ್ದೇ ಉಂಗುರಗಳ ಒಳಗೆ ಹೊರಗೆ ತಂತಿ ಹಾಯಿಸಿ ಹೆಣೆದದ್ದು. ಹೆಣೆದವರು ಮ್ಯಾಸಚೂಸೆಟ್ಸ್‌ನ ವಾಲ್ಥಮ್ ಊರಿನ ಕಾರ್ಖಾನೆಯ ಹೆಂಗಸರು. ತಂತಿ ಉಂಗುರದ ಒಳಗೆ ಹೋದರೆ 1, ಪಕ್ಕದಲ್ಲಿ ಹೋದರೆ 0. ನಮ್ಮ ವೇದಿಕೆಯ ಕ್ರೋಶಾ ಗುಂಪಿನವರಿಗೆ ಈ ಕೆಲಸ ಎಷ್ಟು ಕಷ್ಟ ಅಂತ ಬಿಡಿಸಿ ಹೇಳಬೇಕಿಲ್ಲ.

ಸಿಂಥಸೈಜರ್ ಮಾಡುವವರಿಗೆ ಅಷ್ಟು ದುಬಾರಿ ಸಾಧ್ಯವಿರಲಿಲ್ಲ. ಅವರು ಅಗ್ಗದ ಉಪಾಯ ಮಾಡಿದರು. ಬೋರ್ಡಿನ ಮೇಲೆ ಒಂದು ಸಣ್ಣ ಬ್ಯಾಟರಿ ಇಟ್ಟರು. ವಾದ್ಯ ಆಫ್ ಆಗಿದ್ದಾಗ ಅದು ರ‍್ಯಾಮ್‌ಗೆ ತೊಟ್ಟು ತೊಟ್ಟು ವಿದ್ಯುತ್ ಕುಡಿಸುತ್ತಿರುತ್ತದೆ.

ಈಗ ತುಂಬದ ಮನೆಗೆ ಬರೋಣ. ಮನೆಯಾಕೆ ಎಪ್ಪತ್ತು ದಾಟಿದವರು, ನನ್ನ ಸಹೋದ್ಯೋಗಿಯೊಬ್ಬಳ ಸಂಬಂಧಿ. ನನ್ನನ್ನು ‘ಮೋಳೇ’ ಎಂದೇ ಕರೆಯುತ್ತಾರೆ, ನಾನು ಆಂಟಿ ಎನ್ನುತ್ತೇನೆ. ಅವರ ಗಂಡ ಗಲ್ಫ್‌ನಲ್ಲಿದ್ದು ಎಂಬತ್ತರ ದಶಕದಲ್ಲಿ ವಾಪಸು ಬಂದವರು. ಬೇರೆಯವರು ಟೇಪ್‌ರೆಕಾರ್ಡರ್, ಮಿಕ್ಸಿ ತಂದರೆ ಇವರು ಒಂದು ಜಪಾನಿ ಸಿಂಥಸೈಜರ್ ಹೊತ್ತು ತಂದರು. ಒಮ್ಮೆಗೆ ಆರು ಸ್ವರ ನುಡಿಯುವ, 32 ಪ್ಯಾಚ್ ಇಟ್ಟುಕೊಳ್ಳುವ ಯಂತ್ರ. ಕಂಪನಿಯ ಹೆಸರು ಬೇಡ, ಈ ಬ್ಯಾಟರಿ ಉಪಾಯ ಆ ಕಾಲದಲ್ಲಿ ಒಬ್ಬಿಬ್ಬರದಲ್ಲ. ಚರ್ಚಿನ ಕ್ವಾಯರ್‌ನಲ್ಲಿ ಇಪ್ಪತ್ತೈದು ವರ್ಷ ಗಂಡ ಅದನ್ನು ನುಡಿಸಿದರು, ಹೆಂಡತಿ ಹಾಡಿದರು. ಅವರು ತೀರಿಕೊಂಡ ಮೇಲೆ ವಾದ್ಯ ಮಂಚದ ಕೆಳಗೆ ಸೇರಿತು. ಮಗಳು ಮನೆ ಖಾಲಿ ಮಾಡಿಸಿ ಅಮ್ಮನನ್ನು ಕೊಚ್ಚಿಗೆ ಕರೆದೊಯ್ಯುವ ಏರ್ಪಾಟಿನಲ್ಲಿದ್ದಳು, ಗುಜರಿಯವನ ಜೊತೆ ಮಾತಾಗಿತ್ತು. ಆಂಟಿ ಕೇಳಿದ್ದು ಒಂದೇ: ಕ್ರಿಸ್‌ಮಸ್ ರಾತ್ರಿಯ ಪೂಜೆಗೆ ಅವರು ನುಡಿಸುತ್ತಿದ್ದ ಆ ನಾದ ಇನ್ನೂ ಒಳಗಿದೆಯಾ?

ಮುಚ್ಚಳ ತೆರೆದಾಗ ಕಂಡದ್ದು ಕಿಲುಬು. ನಮ್ಮಜ್ಜಿಯರ ತಾಮ್ರದ ಹಂಡೆಯ ಮೇಲೆ ಹತ್ತುತ್ತಿದ್ದ ಅದೇ ಹಸಿರು ಕಿಲುಬು, ಬ್ಯಾಟರಿಯ ಸುತ್ತ ಅಂಗೈ ಅಗಲಕ್ಕೆ. ಒಳಗಿದ್ದದ್ದು ನಿಕಲ್-ಕ್ಯಾಡ್ಮಿಯಂ ಬ್ಯಾಟರಿ, ತಲಾ 1.2 ವೋಲ್ಟಿನ ಮೂರು ಬಿಲ್ಲೆ ಸೇರಿ 3.6 ವೋಲ್ಟ್. ಅದರೊಳಗಿನ ರಸ ಪೊಟ್ಯಾಸಿಯಮ್ ಹೈಡ್ರಾಕ್ಸೈಡ್, ಕಟು ಕ್ಷಾರ. ವಯಸ್ಸಾದಂತೆ ಬ್ಯಾಟರಿಯ ಅಂಚು ಸಡಿಲವಾಗಿ ರಸ ಹೊರಗೆ ಜಿನುಗುತ್ತದೆ. ಅದು ತಾಮ್ರದ ಗೆರೆಗಳ ಮೇಲೆ ತೆವಳುತ್ತಾ, ಗಾಳಿಯ ತೇವದ ಜೊತೆ ಸೇರಿ, ಗೆರೆಗಳನ್ನೇ ತಿನ್ನುತ್ತದೆ. ಟಿವಿ ರಿಮೋಟಿನಲ್ಲಿ ಸೆಲ್ ಮರೆತರೆ ಬಿಳಿ ಪುಡಿ ಬರುತ್ತದಲ್ಲ, ಅದು ಇದರ ಬಂಧುವೇ. ತುಂಬದ ಮನೆಗೆ ಸಮುದ್ರ ಕಾಣಿಸುವಷ್ಟು ಹತ್ತಿರ. ವರ್ಷಕ್ಕೆ ಎರಡು ಮಳೆಗಾಲ, ಉಪ್ಪಿನ ಗಾಳಿ. ಮೈಸೂರಿನಲ್ಲಿದ್ದಿದ್ದರೆ ಅದೇ ಬ್ಯಾಟರಿ ಇನ್ನೊಂದಷ್ಟು ವರ್ಷ ಕರುಣೆ ತೋರಿಸುತ್ತಿತ್ತೋ ಏನೋ.

ಹೀಗೆ ನೆನಪನ್ನು ಕಾಯಲು ಇಟ್ಟ ಬ್ಯಾಟರಿ ಮೊದಲು ಸತ್ತಿತು, ನೆನಪನ್ನು ಅಳಿಸಿತು, ಆಮೇಲೆ ನೆನಪಿಟ್ಟುಕೊಳ್ಳುವ ಶಕ್ತಿಯನ್ನೂ ತಿಂದಿತು. ಚಿಪ್‌ನಲ್ಲಿ ಅವರ ನಾದ ಉಳಿದಿರಲು ಸಾಧ್ಯವೇ ಇರಲಿಲ್ಲ. ಅದನ್ನು ಆಂಟಿಗೆ ಅವತ್ತೇ ಹೇಳಿದೆ. ಅವರು ತಲೆಯಾಡಿಸಿ ಚಹಾ ತಂದಿಟ್ಟು, “ಆದರೂ ಸರಿ ಮಾಡು” ಅಂದರು.

ಬ್ಯಾಟರಿ ಕತ್ತರಿಸಿ ತೆಗೆದು, ಬೋರ್ಡನ್ನು ಬಿಳಿ ವಿನೆಗರಿನಲ್ಲಿ ಅದ್ದಿದ ಬ್ರಶ್‌ನಿಂದ ತೊಳೆದೆ. ಹಂಡೆಗೆ ಹುಣಸೆಹಣ್ಣು ಹಚ್ಚುವುದರ ಹಿಂದಿನ ರಸಾಯನವೇ ಇಲ್ಲೂ ಅರ್ಧ ಕೆಲಸ ಮಾಡುತ್ತದೆ, ಹುಳಿ ಕಿಲುಬನ್ನು ಕರಗಿಸುತ್ತದೆ. ಜೊತೆಗೆ ಉಳಿದ ಕ್ಷಾರವನ್ನೂ ಕೊಲ್ಲುತ್ತದೆ. ಆಮೇಲೆ ಡಿಸ್ಟಿಲ್ಡ್ ನೀರು, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್, ಆಮೇಲೆ ಎರಡು ದಿನ ಅಕ್ಕಿ ಡಬ್ಬದಲ್ಲಲ್ಲ, ಫ್ಯಾನ್ ಕೆಳಗೆ ಒಣಗಿಸುವುದು. ಈ ಅಕ್ಕಿ ಡಬ್ಬದ ನಂಬಿಕೆ ಯಾರು ಹಬ್ಬಿಸಿದರೋ. ಮಲ್ಟಿಮೀಟರ್ ಹಿಡಿದು ಒಂದೊಂದೇ ಗೆರೆ ನೋಡಿದರೆ ಹದಿನೇಳು ಕಡೆ ದಾರಿ ಕಡಿದಿತ್ತು. ಕೊಚ್ಚಿಗೆ ಹೋದಾಗ ಪಳ್ಳಿಮುಕ್ಕಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕೂದಲಿನಂಥ ತಂತಿ, ಚಿಪ್ ಸಾಕೆಟ್, ಡಯೋಡ್ ಕೊಂಡು ತಂದೆ. ವಿದೇಶದ ಹವ್ಯಾಸಿಗಳು ಇಂಥ ಹಳೆಯ ವಾದ್ಯಗಳಿಗೆ ಬ್ಯಾಟರಿಯೇ ಬೇಡದ ಹೊಸ ಬೋರ್ಡ್‌ಗಳನ್ನು ಮಾಡಿ ಮಾರುತ್ತಾರೆ. ಅದು ಜಾಣತನದ ದಾರಿ. ಆದರೆ ಕಸ್ಟಮ್ಸ್ ಸುಂಕ ಸೇರಿದರೆ ಆ ಮನೆಗೆ ಅದು ಭಾರ, ಮತ್ತು ಹದಿನೇಳು ತಂತಿ ಹಾಕುವುದು ನನಗೆ ಭಾರವಲ್ಲ.

ತಂತಿ ಹಾಕಿ ಆನ್ ಮಾಡಿದರೆ ನಾದ ಬಂತು, ಮೆಮರಿ ಹುಚ್ಚಾಟ ಆಡಿತು. ಮೊದಲನೇ ಬಟನ್‌ನಲ್ಲಿ ಉಳಿಸಿದ ಪ್ಯಾಚ್ ಐದನೆಯದರಲ್ಲೂ ಕಾಣಿಸುತ್ತಿತ್ತು. ಎರಡನೆಯದು ಆರರಲ್ಲಿ, ಮೂರನೆಯದು ಏಳರಲ್ಲಿ. ಮಳೆ ಬಂದ ದಿನ ಮಾತ್ರ ಒಮ್ಮೊಮ್ಮೆ ಸರಿಯಾಗಿರುತ್ತಿತ್ತು! ಇಂಥ ತಪ್ಪು ಸಿಕ್ಕರೆ ನನಗೆ ಖುಷಿ, ಯಾಕೆಂದರೆ ಅದು ತನ್ನ ವಿಳಾಸವನ್ನು ತಾನೇ ಹೇಳುತ್ತಿದೆ. ಪ್ರತಿ ಪ್ಯಾಚ್‌ಗೂ ಚಿಪ್‌ನೊಳಗೆ ಒಂದು ಮನೆ ನಂಬರ್ ಇದೆ. ಆ ನಂಬರ್ 0 ಮತ್ತು 1ರಲ್ಲಿ, ಒಂದೊಂದು ಅಂಕಿಗೆ ಒಂದೊಂದು ತಂತಿಯಂತೆ ಹೋಗುತ್ತದೆ. ಒಂದಕ್ಕೂ ಐದಕ್ಕೂ, ಎರಡಕ್ಕೂ ಆರಕ್ಕೂ ಇರುವ ಅಂತರ ನಾಲ್ಕು. ನಾಲ್ಕನ್ನು ಹೇಳುವ ತಂತಿ ಒಂದೇ. ಅದು ಕಡಿದಿದ್ದರೆ ಪೋಸ್ಟ್‌ಮ್ಯಾನ್‌ಗೆ ನಂಬರಿನ ಒಂದು ಅಂಕಿ ಓದಲಾಗುವುದಿಲ್ಲ, ಎರಡು ಮನೆಯ ಕಾಗದ ಒಂದೇ ಮನೆಗೆ ಬೀಳುತ್ತದೆ. ಹದಿನೆಂಟನೇ ಕಡಿತ ಚಿಪ್‌ನ ಹೊಟ್ಟೆಯ ಕೆಳಗೇ ಇತ್ತು, ಮೇಲಿನಿಂದ ಕಾಣುತ್ತಿರಲಿಲ್ಲ. ಎರಡೂ ಕಡೆ ಸೇರದೆ ತೇಲುತ್ತಿದ್ದ ತಂತಿ ಗಾಳಿಯ ತೇವಕ್ಕೆ ತಕ್ಕಂತೆ 0 ಅನ್ನುತ್ತಿತ್ತು, 1 ಅನ್ನುತ್ತಿತ್ತು.

ಅದು ಸರಿಯಾದ ಮೇಲೂ ಇನ್ನೊಂದು ಉಳಿಯಿತು. ಹೊಸ ಬ್ಯಾಟರಿ ಗಟ್ಟಿಯಾಗಿದ್ದರೂ ರಾತ್ರಿ ಆಫ್ ಮಾಡಿ ಬೆಳಿಗ್ಗೆ ಆನ್ ಮಾಡಿದರೆ ಪ್ಯಾಚ್‌ಗಳು ಕಲಸಿ ಹೋಗಿರುತ್ತಿದ್ದವು. ಕರೆಂಟ್ ಇಳಿಯುವ ಆ ಅರೆಕ್ಷಣದಲ್ಲಿ ಪ್ರೊಸೆಸರ್‌ಗೆ ಭ್ರಮೆ ಹಿಡಿದು ರ‍್ಯಾಮ್ ಮೇಲೆ ಏನೇನೋ ಗೀಚಬಹುದು. ಗೀಚದಂತೆ ಬಾಗಿಲು ಹಾಕಲು ಒಂದು ಟ್ರಾನ್ಸಿಸ್ಟರ್ ಇರುತ್ತದೆ. ಅದರ ಒಂದು ಕಾಲು ತುಕ್ಕು ತಿಂದು ಉದುರಿತ್ತು. ಬಾಗಿಲು ಕಾಯುವವನೇ ಇಲ್ಲ. ಐದು ರೂಪಾಯಿಯ ಟ್ರಾನ್ಸಿಸ್ಟರ್ ಹಾಕಿದೆ, ಕಾಟ ನಿಂತಿತು.

ಹಳೆಯ ಬ್ಯಾಟರಿಯ ಜಾಗದಲ್ಲಿ ಹಾಕಿದ್ದು ಕೈಗೆ ಸುಲಭವಾಗಿ ಸಿಗುವ ಸಿಆರ್2032, ಲಿಥಿಯಂ ನಾಣ್ಯ ಸೆಲ್. ಇಲ್ಲಿ ಎಚ್ಚರ ಬೇಕು. ಹಳೆಯದು ಚಾರ್ಜ್ ಆಗುವ ಜಾತಿ, ಇದು ಚಾರ್ಜ್ ಮಾಡಿದರೆ ಉಬ್ಬಿ ಒಡೆಯುವ ಜಾತಿ. ಆದ್ದರಿಂದ ಚಾರ್ಜ್ ಮಾಡುವ ದಾರಿಯನ್ನು ಕಡಿದು, ವಿದ್ಯುತ್ ಹೊರಗೆ ಮಾತ್ರ ಹರಿಯುವಂತೆ ಒಂದು ಡಯೋಡ್ ಹಾಕಬೇಕು. ಸೆಲ್ 3 ವೋಲ್ಟ್ ಕೊಡುತ್ತದೆ, ಡಯೋಡ್ ಸ್ವಲ್ಪ ತಿನ್ನುತ್ತದೆ. ಚಿಪ್‌ಗೆ ನೆನಪಿಟ್ಟುಕೊಳ್ಳಲು 2 ವೋಲ್ಟ್ ಸಾಕು. ಅಳೆದು ನೋಡಿದರೆ ಚಿಪ್ ಕುಡಿಯುವುದು ಸುಮಾರು 2 ಮೈಕ್ರೋಆಂಪ್. ಸೆಲ್‌ನ 220 ಮಿಲಿಆಂಪ್-ಗಂಟೆಯನ್ನು ಅದರಿಂದ ಭಾಗಿಸಿದರೆ ಹನ್ನೆರಡು ವರ್ಷ ಬರುತ್ತದೆ. ನಾನು ಎಂಟೇ ವರ್ಷ ನಂಬುತ್ತೇನೆ.

ಇಷ್ಟಾಗಿ ವಾದ್ಯಕ್ಕೆ ನೆನಪಿಟ್ಟುಕೊಳ್ಳಲು ಬಂತು, ನೆನಪು ಮಾತ್ರ ಖಾಲಿ. ಆಗ ಆಂಟಿ ಅಲಮಾರಿಯಿಂದ ಒಂದು ಬಿಸ್ಕತ್ ಡಬ್ಬ ತಂದರು. ಒಳಗೆ ಕ್ವಾಯರ್‌ನ ಕ್ಯಾಸೆಟ್‌ಗಳು. ಒಂದರ ಮೇಲೆ ಗಂಡನ ಅಕ್ಷರದಲ್ಲಿ ‘ಡೇಟಾ – ಅಳಿಸಬೇಡಿ’. ಮಗಳು ಚಿಕ್ಕವಳಿದ್ದಾಗ ಹಾಕಿ ಕೇಳಿ, ಕೀರಲು ಸದ್ದಿಗೆ ಹೆದರಿ ಬಿಟ್ಟಿದ್ದಳಂತೆ. ಆ ಕೀರಲೇ ನಮಗೆ ಬೇಕಾದ್ದು! ಆ ಕಾಲದ ಸಿಂಥಸೈಜರ್‌ಗಳ ಹಿಂದೆ ಟೇಪ್‌ಗೆಂದೇ ಎರಡು ಕಿಂಡಿ ಇರುತ್ತಿತ್ತು. ಮೆಮರಿಯ ಅಂಕಿಗಳನ್ನು 0ಗೆ ಒಂದು ಶ್ರುತಿ, 1ಕ್ಕೆ ಇನ್ನೊಂದು ಶ್ರುತಿ ಮಾಡಿ ಸಾಮಾನ್ಯ ಕ್ಯಾಸೆಟ್‌ಗೆ ಹಾಡಿಸಿಡಬಹುದಿತ್ತು. ಬ್ಯಾಟರಿಯನ್ನು ನಂಬದ ಜಾಣರು ಹಾಗೆ ಮಾಡಿಡುತ್ತಿದ್ದರು. ಈ ಮನುಷ್ಯ ಅಂಥವರು, ಅದೂ ಒಂದರ ಹಿಂದೆ ಒಂದರಂತೆ ಎರಡು ಸಲ.

ಕ್ಯಾಸೆಟ್‌ಗೆ ಬೂಷ್ಟು ಹಿಡಿದಿತ್ತು. ಟೇಪನ್ನು ಹೊಸ ಚಿಪ್ಪಿಗೆ ಬದಲಿಸಿ, ಹತ್ತಿಯಲ್ಲಿ ಒರೆಸಿ, ಪ್ಲೇಯರ್‌ನ ಹೆಡ್ಡಿನ ಓರೆಯನ್ನು ಪುಟ್ಟ ಸ್ಕ್ರೂಡ್ರೈವರ್‌ನಲ್ಲಿ ಸದ್ದು ಚೂಪಾಗುವವರೆಗೆ ತಿರುಗಿಸಿ, ಲ್ಯಾಪ್‌ಟಾಪ್‌ಗೆ ತುಂಬಿಸಿಕೊಂಡೆ. ಮೊದಲ ಪ್ರತಿಯನ್ನು ವಾದ್ಯಕ್ಕೆ ಕೇಳಿಸಿದರೆ ಎರರ್. ಎರಡನೆಯದೂ ಎರರ್. ಸ್ಕ್ರೀನಿನ ಮೇಲೆ ಅಲೆಗಳನ್ನು ಹಿಗ್ಗಿಸಿ ನೋಡಿದಾಗ ಮೊದಲನೆಯದರ ನಡುವೆ ಟೇಪ್ ಮಡಚಿ ಸದ್ದು ತೂತಾಗಿತ್ತು. ಎರಡನೆಯದರ ನಡುಭಾಗ ಚೆನ್ನಾಗಿತ್ತು, ಕೊನೆ ಮಸುಕಾಗಿತ್ತು. ಎರಡೂ ಒಂದೇ ಅಂಕಿಗಳ ಹಾಡು ತಾನೇ? ಹರಿದ ಎರಡು ಸೀರೆಯಿಂದ ಒಂದು ಕೌದಿ ಮಾಡಿದ ಹಾಗೆ, ಮೊದಲನೆಯದರ ತೂತಿಗೆ ಎರಡನೆಯದರ ತುಂಡನ್ನು ಅಲೆಗೆ ಅಲೆ ಕೂಡಿಸಿ ಹೊಲಿದೆ. ಸದ್ದಿನ ಮಟ್ಟ ಸಮ ಮಾಡಿ ಮತ್ತೆ ಕೇಳಿಸಿದೆ. ಮೂರು ಭಾನುವಾರ ಹಿಡಿಯಿತು. ಕೊನೆಗೊಂದು ಸಂಜೆ ಎರರ್ ದೀಪ ಹತ್ತಲಿಲ್ಲ, 32 ಪ್ಯಾಚ್‌ಗಳೂ ಒಳಗೆ ಬಂದವು.

ಆಂಟಿಯನ್ನು ಕೂರಿಸಿ ಒಂದೊಂದೇ ಒತ್ತುತ್ತಾ ಹೋದೆ. ಇಪ್ಪತ್ತೊಂದನೆಯದಕ್ಕೆ ಅವರು ಕೈ ಎತ್ತಿದರು. “ಇದೇ,” ಅಂದರು. ಒಂದು ಚರಣದಷ್ಟು ಕೇಳಿ, “ಇದಲ್ಲ,” ಅಂದರು.

ಅಂಕಿಗಳಲ್ಲಿ ತಪ್ಪಿರಲಿಲ್ಲ, ತಪ್ಪಿದ್ದರೆ ಯಂತ್ರವೇ ಒಪ್ಪುತ್ತಿರಲಿಲ್ಲ. ಆದರೆ ಆಗಲೇ ಹೇಳಿದೆನಲ್ಲ, ಅಂಕಿ ಬರೀ ಚೀಟಿ. ಅದನ್ನು ನಾದ ಮಾಡುವುದು ನಲವತ್ತು ವರ್ಷ ಹಳೆಯ ಕೆಪಾಸಿಟರ್, ಫಿಲ್ಟರ್, ರೆಸಿಸ್ಟರ್‌ಗಳು. ಅವು ಸರಿದಿವೆ. ಈ ವಾದ್ಯದಲ್ಲಿ ಆರು ಕಂಠಗಳಿವೆ. ಕೀ ಒತ್ತಿದಂತೆಲ್ಲ ಸರದಿಯಲ್ಲಿ ಒಂದೊಂದು ಕಂಠ ಹಾಡುತ್ತದೆ. ನಾಲ್ಕನೆಯದು ಮಂಕಾಗಿತ್ತು, ಆರನೆಯದು ತುಸು ಚೂಪು. ಆಂಟಿ ಕಣ್ಣು ಮುಚ್ಚಿ ಕೂತು, ಪ್ರತಿ ಆರನೇ ಸ್ವರಕ್ಕೆ ಹುಬ್ಬು ಗಂಟಿಕ್ಕುತ್ತಿದ್ದರು. ಆಸಿಲೋಸ್ಕೋಪ್‌ಗಿಂತ ಆ ಹುಬ್ಬು ನಿಖರ. ಒಳಗಿನ ಪುಟ್ಟ ಟ್ರಿಮ್ಮರ್‌ಗಳನ್ನು ನಾನು ತಿರುಗಿಸುವುದು, ಅವರು “ಇನ್ನೂ ಸ್ವಲ್ಪ ಮೆತ್ತಗೆ, ಚರ್ಚಿನ ಹಿಂದಿನ ಬೆಂಚಿಗೆ ಕೇಳಿಸುವ ಹಾಗೆ” ಅನ್ನುವುದು. ನಿಜ ಹೇಳುತ್ತೇನೆ, ಆಫೀಸಿನಲ್ಲಿ ಯಾವ ಟೆಸ್ಟಿಂಗ್ ಟೀಮ್ ಕೂಡ ಇಷ್ಟು ಸ್ಪಷ್ಟವಾಗಿ ಬಗ್ ರಿಪೋರ್ಟ್ ಕೊಟ್ಟಿಲ್ಲ. ಕತ್ತಲಾಗುವ ಹೊತ್ತಿಗೆ ಅವರು ಮಾತು ನಿಲ್ಲಿಸಿದರು. ಆಮೇಲೆ ತಮ್ಮಷ್ಟಕ್ಕೆ ಹಾಡಲು ಶುರು ಮಾಡಿದರು. ನಾನು ಎರಡು ಬೆರಳಲ್ಲಿ ಶ್ರುತಿ ಹಿಡಿದುಕೊಂಡಿದ್ದೆ. ಅಡಿಗೆಮನೆಯಲ್ಲಿ ಪೆಟ್ಟಿಗೆ ಕಟ್ಟುತ್ತಿದ್ದ ಮಗಳು ಬಂದು ಬಾಗಿಲಲ್ಲಿ ನಿಂತಳು.

ಹೋದ ವಾರ ಗ್ರೂಪಿನಲ್ಲಿ ಕೆಲವರು ಕೇಳಿದ್ದಿರಿ, ಮನೆಯ ಹಳೆಯ ಶ್ರುತಿ ಪೆಟ್ಟಿಗೆ, ಕೀಬೋರ್ಡ್‌ಗಳಿಗೆ ಏನು ಮಾಡಬೇಕು ಅಂತ. ಬಳಸದೆ ಇಡುವುದಾದರೆ ಸೆಲ್ ತೆಗೆದಿಡಿ. ಎಂಬತ್ತು, ತೊಂಬತ್ತರ ದಶಕದ ಕೀಬೋರ್ಡ್ ಇದ್ದರೆ ತೆರೆಯುವ ಮೊದಲು ಪ್ಲಗ್ ಕಿತ್ತು ಕೆಲಹೊತ್ತು ಬಿಡಿ, ಪವರ್ ಸಪ್ಲೈ ಭಾಗಕ್ಕೆ ಕೈ ಹಾಕಬೇಡಿ. ಒಳಗಿನ ಬ್ಯಾಟರಿ ಬದಲಿಸುವ ಮೊದಲು ಇರುವ ಸೆಟ್ಟಿಂಗ್‌ಗಳ ಪ್ರತಿ ಮಾಡಿಕೊಳ್ಳಿ. ಬ್ಯಾಟರಿ ತೆಗೆದ ಗಳಿಗೆಗೆ ಅವು ಹೋಗುತ್ತವೆ. ಹಸಿರು ಕಂಡರೆ ನನಗೊಂದು ಫೋಟೋ ಕಳಿಸಿ.

ಸಿಂಥಸೈಜರ್ ಗುಜರಿಗೆ ಹೋಗಲಿಲ್ಲ, ಆಂಟಿಯ ಜೊತೆ ಕೊಚ್ಚಿಗೆ ಹೋಯಿತು. ಹೊಲಿದ ಸದ್ದಿನ ಫೈಲು ಮಗಳ ಫೋನಿನಲ್ಲಿ, ಒಂದು ಪೆನ್‌ಡ್ರೈವ್‌ನಲ್ಲಿ, ನನ್ನ ಲ್ಯಾಪ್‌ಟಾಪ್‌ನಲ್ಲಿ ಇದೆ. ಆಂಟಿಗೆ ಯಾವುದರ ಮೇಲೂ ನಂಬಿಕೆ ಬರಲಿಲ್ಲ. ಇಪ್ಪತ್ತೊಂದನೇ ಪ್ಯಾಚ್‌ನ ನಾಬ್‌ಗಳು ಎಲ್ಲೆಲ್ಲಿ ನಿಲ್ಲಬೇಕು ಅಂತ ಕಾಗದದ ಮೇಲೆ ಬರೆಸಿಕೊಂಡರು. ಆ ಹಾಳೆ ಅವರ ಹಾಡಿನ ಪುಸ್ತಕದಲ್ಲಿದೆ. ಮುಚ್ಚಳದ ಒಳಗೆ ನಾನು ಒಂದು ಚೀಟಿ ಅಂಟಿಸಿದ್ದೇನೆ, ಸೆಲ್ ಹಾಕಿದ ತಾರೀಕು ಮತ್ತು ಎಂಟು ವರ್ಷದ ಮುಂದಿನ ತಾರೀಕು. ಪ್ರಶ್ನೆಗಳಿದ್ದರೆ ಕೇಳಿ.